ಸಹಾಯ ಬೇಕು: ಬೊಜ್ಜಿನ ಸರ್ವೆಯಲ್ಲಿ ಆದಾಯ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾರವಾರ ಪೇಟೆಯ ದೊಡ್ಡವರಲ್ಲಿ ಬೊಜ್ಜಿಗೂ ವಯಸ್ಸು, ಓದು, ಕೆಲಸ, ಆದಾಯಕ್ಕೂ ಏನು ನಂಟು ಅಂತ ಕಾಲೇಜು ಪ್ರಾಜೆಕ್ಟ್ ಮಾಡುತ್ತಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ನಗರಗಳಲ್ಲಿ 15-49 ವಯಸ್ಸಿನ ಹೆಂಗಸರ ಪೈಕಿ ಶೇ. 33ರಷ್ಟು ಮಂದಿಗೆ ತೂಕ ಜಾಸ್ತಿ. ಹಳ್ಳಿಗಳಲ್ಲಿ ಶೇ. 20ರ ಹತ್ತಿರ.

ಸೊಂಟದ ಅಳತೆ ಕೊಡಲು ಯಾರೂ ತಕರಾರು ಮಾಡುವುದಿಲ್ಲ. (ಟೇಪ್ ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಅದು ಬೇರೆ ಮಾತು.) ಆದಾಯ ಕೇಳಿದರೆ ಮಾತ್ರ ಮುಖ ತಿರುಗಿಸುತ್ತಾರೆ. ಮೀನು ಮಾರುವ ಅಕ್ಕ ಒಬ್ಬರು, "ಬಂಗಡೆ ಬಂದರೆ ದುಡ್ಡು, ಜೂನ್-ಜುಲೈ ಬೋಟ್ ಬಂದ್. ತಿಂಗಳಿಗೆ ಇಷ್ಟು ಅಂತ ಹೇಗೆ ಹೇಳಲಿ?" ಅಂದರು. ಸರಿಯೇ ಅಲ್ವಾ?

ಆದಾಯದ ಬದಲು ರೇಷನ್ ಕಾರ್ಡ್, ಫ್ರಿಜ್, ಸ್ಕೂಟರ್ ಬಗ್ಗೆ ಕೇಳಿದರೆ ನಡೆಯುತ್ತದಾ? ಸರ್ವೆ ಮಾಡಿದವರು ತಿಳಿಸಿ. ಭಾನುವಾರ ಸರ್ವೆಗೆ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಕೊಂಕಣಿ ಬಲ್ಲವರು ಯಾರಾದರೂ ಜೊತೆಗೆ ಬರುತ್ತೀರಾ? ಚಹಾ ನನ್ನದು.