ರೆಗ್ಯುಲರ್ ಬಿಟ್ಟು ಡೈರೆಕ್ಟ್ ಪ್ಲಾನ್‌ಗೆ ಹೋಗಲಾ?

ಪ್ರಶ್ನೆ: ಬ್ಯಾಂಕಿನವರು ಮಾಡಿಸಿದ ಈಕ್ವಿಟಿ ಮ್ಯೂಚುವಲ್ ಫಂಡ್ ಎಸ್‌ಐಪಿ (ಕಂತಿನ ಹೂಡಿಕೆ) ಈಗ 12 ಲಕ್ಷ ಆಗಿದೆ. ಅದು ರೆಗ್ಯುಲರ್ ಪ್ಲಾನ್, ಅಂದರೆ ಮಾರಿಸಿದವರ ಕಮಿಷನ್ ಸೇರಿರುವುದು. ಮೊನ್ನೆ ನೋಡಿದರೆ ಫಂಡ್ ವರ್ಷಕ್ಕೆ ಕಳೆಯುವ ಖರ್ಚು 1.8%, ಅದೇ ಫಂಡನ್ನು ಮಧ್ಯವರ್ತಿ ಇಲ್ಲದೆ ಕೊಳ್ಳುವ ಡೈರೆಕ್ಟ್‌ಗೆ 0.8%. ವರ್ಷಕ್ಕೆ 12,000 ಸುಮ್ನೆ ಹೋಗುತ್ತಿದೆ, ಅಲ್ವಾ?

ಉತ್ತರ 1: ಹೌದು. ಕಮಿಷನ್‌ಗೆ ಬೇರೆ ಬಿಲ್ ಬರಲ್ಲ, ದಿನಾ ಎನ್‌ಎವಿಯಲ್ಲೇ (ಒಂದು ಯೂನಿಟ್‌ನ ಬೆಲೆ) ಕಳೆದುಹೋಗುತ್ತದೆ, ಅದಕ್ಕೇ ಕಣ್ಣಿಗೆ ಬೀಳಲ್ಲ. 2013ರಿಂದಲೇ ಡೈರೆಕ್ಟ್ ಇದೆ, ಯಾರೂ ಹೇಳಿರಲ್ಲ ಅಷ್ಟೆ. ಆದರೆ ಎಲ್ಲಾ ಒಟ್ಟಿಗೆ ಬದಲಿಸಬೇಡಿ, ಅದು ಮಾರಿದ ಲೆಕ್ಕವೇ. ಕೊಂಡು ವರ್ಷ ದಾಟಿದ ಯೂನಿಟ್‌ಗಳ ಲಾಭ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದರೆ ಮೀರಿದ್ದಕ್ಕೆ 12.5% ತೆರಿಗೆ. ಮಾರ್ಚ್‌ನಲ್ಲಿ ಒಂದಿಷ್ಟು, ಹೊಸ ಹಣಕಾಸು ವರ್ಷ ಶುರುವಾಗುವ ಏಪ್ರಿಲ್‌ನಲ್ಲಿ ಒಂದಿಷ್ಟು ಮಾಡಿ.

ಉತ್ತರ 2: ನಾನೂ ಡೈರೆಕ್ಟೇ. ಆದರೆ 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಬಿದ್ದಾಗ, ತಡೆಯುವವರು ಯಾರೂ ಇಲ್ಲದೆ, ಹೆದರಿ ರಾತ್ರೋರಾತ್ರಿ ಎಲ್ಲಾ ಮಾರಿದೆ. ಉಳಿಸಿದ 1%ಗಿಂತ ಕಳೆದದ್ದೇ ಜಾಸ್ತಿ! ಈಗ ಸೆಬಿ (ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ) ನೋಂದಾಯಿತ ಸಲಹೆಗಾರರಿಗೆ ನೇರವಾಗಿ ಫೀಸ್ ಕೊಡುತ್ತೇನೆ, ಫಂಡ್ ಮಾತ್ರ ಡೈರೆಕ್ಟ್.