ಸ್ನಾನದ ನೀರಿಗೆ ಹೀಟ್ ಪಂಪ್: 200 ಲೀಟರ್ ಸಾಕೇ?

ಪ್ರಶ್ನೆ – ಬದಿಯಡ್ಕದಿಂದ
ನಮ್ಮದು ಅಡಿಕೆ ತೋಟದ ನಡುವಿನ ಮನೆ. ಆರು ಮಂದಿ ಇದ್ದೇವೆ. ಇದುವರೆಗೆ ಬಚ್ಚಲಿನ ಹಂಡೆಗೆ ಮಡಲು, ತೆಂಗಿನ ಸಿಪ್ಪೆ ಹಾಕಿ ನೀರು ಕಾಯಿಸುತ್ತಿದ್ದೆವು, ಆದರೆ ಅಮ್ಮನಿಗೆ ಈಗ ಹೊಗೆ ಆಗುವುದಿಲ್ಲ. ಮಾಡಿನ ಮೇಲೆ ಮರಗಳ ನೆರಳಿರುವುದರಿಂದಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತಿಲ್ಲದ್ದರಿಂದಲೂ ಸೋಲಾರ್ ಕೈಬಿಟ್ಟಿದ್ದೇವೆ. ಹೀಟ್ ಪಂಪ್ ಕೊಳ್ಳುವುದಾದರೆ 200 ಲೀಟರಿನದು ಸಾಕೇ, 300 ಬೇಕೇ? ಮಳೆಗಾಲದ ತೇವದ ಗಾಳಿಯಲ್ಲಿ ಅದು ಸರಿಯಾಗಿ ಕೆಲಸ ಮಾಡೀತೇ?

ಉತ್ತರ – ನೀರ್ಚಾಲಿನಿಂದ
ತೇವದ ವಿಷಯದಲ್ಲಿ ಹೆದರಬೇಕಾಗಿಲ್ಲ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ. ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ಹಾಕುವಂತೆ, ಇದು ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ. ಗಾಳಿಯ ಆವಿ ತಣ್ಣನೆಯ ಸುರುಳಿಯ ಮೇಲೆ ನೀರಾಗುವಾಗ ಬಿಡುವ ಶಾಖವೂ ಅದಕ್ಕೇ ಸಿಗುತ್ತದೆ. ಹಾಗೆ ತೊಟ್ಟಿಕ್ಕುವ ನೀರು ಹರಿದುಹೋಗಲು ಪೈಪು ಮಾತ್ರ ಬೇಕು.

ಅಳತೆಗೆ ಬಂದರೆ, ಒಬ್ಬರಿಗೆ ಹದವಾದ ನೀರು 30 ಲೀಟರಿನಂತೆ ಆರು ಮಂದಿಗೆ 180 ಲೀಟರ್. ಟ್ಯಾಂಕಿನ ನೀರು 50 ಡಿಗ್ರಿ, ಬಾವಿಯದು 26 ಡಿಗ್ರಿ ಇದ್ದರೆ, ಬೆರೆಸಿ 42 ಡಿಗ್ರಿಗೆ ತರಲು ಕಾದ ನೀರು 120 ಲೀಟರ್ ಸಾಕು. ಎಲ್ಲರೂ ಶವರಿನ ಕೆಳಗೆ ನಿಲ್ಲುವವರಲ್ಲದಿದ್ದರೆ 300 ಲೀಟರಿನದು ದಂಡ. ತುಂಬಿದ 200 ಲೀಟರನ್ನು 50 ಡಿಗ್ರಿಗೆ ಏರಿಸಲು ಸುಮಾರು 5.6 ಯೂನಿಟ್ ಶಾಖ ಬೇಕು. ಗೀಸರು ಅಷ್ಟನ್ನೂ ಕರೆಂಟಿನಿಂದಲೇ ಪಡೆಯುತ್ತದೆ, ನಮ್ಮ ಸೆಕೆಯ ಊರಿನಲ್ಲಿ ಹೀಟ್ ಪಂಪಿಗೆ ಎರಡು ಯೂನಿಟ್ ಸಾಕಾಗುತ್ತದೆ.

ಆದರೆ ಅಂಗಡಿಯವರು ಹೇಳುವ ಉಳಿತಾಯ ಗೀಸರಿನಿಂದ ಬದಲಾಗುವವರಿಗೆ ಮಾತ್ರ. ತೋಟದ ಸೌದೆಯಿಂದ ಬರುವ ನಿಮಗೆ ಇದು ಹೊಸ ಖರ್ಚು: ಎರಡು ತಿಂಗಳ ಬಿಲ್ಲಿಗೆ ನೂರಿಪ್ಪತ್ತರಷ್ಟು ಯೂನಿಟ್ ಸೇರಬಹುದು. ನಮ್ಮ ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಹೆಚ್ಚಿನ ದರ ಮೇಲಿನ ಯೂನಿಟುಗಳಿಗಷ್ಟೇ ಅಲ್ಲ, ಎಲ್ಲಕ್ಕೂ ಬೀಳುತ್ತದೆ. ಆದ್ದರಿಂದ ಮೊದಲು ಹಳೆಯ ಬಿಲ್ಲುಗಳನ್ನು ನೋಡಿ.

ಉತ್ತರ – ಉಪ್ಪಳದಿಂದ
ನಾನು ಎಡವಿದ್ದು ಜಾಗದಲ್ಲಿ. ಯಂತ್ರ ತಂದವರು ಅದನ್ನು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಇಟ್ಟುಹೋದರು; ಅದು ಹೊರಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ, ನೀರು ಕಾಯದೆ, ಒಳಗಿರುವ ಗೀಸರಿನಂಥ ಕರೆಂಟಿನ ಕಾಯಿಲ್ ತಾನಾಗಿಯೇ ಚಾಲೂ ಆಗುತ್ತಿತ್ತು. ಗೀಸರಿನಷ್ಟೇ ಬಿಲ್ಲು ಬಂದಾಗಲೇ ನಮಗೆ ವಿಷಯ ತಿಳಿದದ್ದು. ಈಗ ಜಗಲಿಯ ತುದಿಯಲ್ಲಿಟ್ಟು, ಮಧ್ಯಾಹ್ನ ಎರಡು ತಾಸು ಓಡುವಂತೆ ಟೈಮರ್ ಹಾಕಿದ್ದೇನೆ: ಆಗ ಗಾಳಿಯೂ ಬಿಸಿ, ಸಂಜೆಯ ವೋಲ್ಟೇಜಿನ ಕಾಟವೂ ಇಲ್ಲ. ನಮ್ಮ ಹಾಗೆ ಕಡಲಿನ ಹತ್ತಿರ ಇರುವವರು ಉಪ್ಪುಗಾಳಿಗೆ ಸವೆಯದ ಲೇಪನವಿರುವ ಸುರುಳಿಯನ್ನೇ ಕೇಳಿ ಪಡೆಯಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಹಾಗಾದರೆ ಹೊರಗೆ, ಹಟ್ಟಿಯ ಪಕ್ಕದ ಇಳಿಮಾಡಿನ ಕೆಳಗೆ ಇಡಬಹುದೇ?

ಉತ್ತರ – ನೀರ್ಚಾಲಿನಿಂದ
ಹಟ್ಟಿಯ ಪಕ್ಕ ಬೇಡ. ಗೋಮೂತ್ರದಿಂದ ಏಳುವ ಅಮೋನಿಯಾ ಯಂತ್ರದ ತಾಮ್ರದ ಕೊಳವೆಗಳನ್ನು ತಿನ್ನುತ್ತದೆ. ಬಚ್ಚಲಿನ ಹಿಂಬದಿಯ ಗೋಡೆಯೇ ಒಳ್ಳೆಯದು, ಬಿಸಿನೀರಿನ ಪೈಪೂ ಗಿಡ್ಡವಾಗುತ್ತದೆ. ಮುರಕಲ್ಲಿನ ನೆಲದ ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳ ನೀರು ಹೆಚ್ಚಾಗಿ ಸ್ವಲ್ಪ ಆಮ್ಲೀಯವಾಗಿರುವುದರಿಂದ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಒಳಗಿನ ಮೆಗ್ನೀಸಿಯಂ ಸರಳನ್ನು ವರ್ಷಕ್ಕೊಮ್ಮೆ ತೆಗೆದು ನೋಡುವಂತೆ ಅಂಗಡಿಯವರೊಡನೆ ಮಾತಾಡಿಕೊಳ್ಳಿ. ಹಂಡೆಯನ್ನು ಮಾತ್ರ ಕಿತ್ತು ಹಾಕಬೇಡಿ. ಆಟಿ ತಿಂಗಳ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದ ದಿನ ಅದು ಬೇಕಾಗುತ್ತದೆ.