ಪೈ ಒಂದು ಅನುಪಾತವಾಗಿದ್ದೂ ಅಭಾಗಲಬ್ಧವಾಗುವುದು ಹೇಗೆ?

ಪ್ರಶ್ನೆ:
ವೃತ್ತದ ಪರಿಧಿಯನ್ನು ಅದರ ವ್ಯಾಸದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಪೈ ಎಂದು ಓದುತ್ತೇವೆ. ಅದೇ ಪೈ ಅಭಾಗಲಬ್ಧ ಸಂಖ್ಯೆ, ಅದನ್ನು ಭಿನ್ನರಾಶಿಯಾಗಿ ಬರೆಯಲಾಗದು ಎಂದೂ ಓದುತ್ತೇವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಪಡೆದದ್ದು ಭಿನ್ನರಾಶಿಯಲ್ಲದೆ ಮತ್ತೇನು? 7 ಸೆಂ.ಮೀ. ವ್ಯಾಸದ ಬಿಲ್ಲೆಗೆ ದಾರ ಸುತ್ತಿ ಅಳೆದರೆ 22 ಸೆಂ.ಮೀ. ಬರುತ್ತದೆ, ಹಾಗಿದ್ದಮೇಲೆ 22/7 ಏಕೆ ನಿಖರವಲ್ಲ? ಎಲ್ಲ ವೃತ್ತಗಳಿಗೂ ಒಂದೇ ಸಂಖ್ಯೆ ಬರುವುದಕ್ಕೆ ಕಾರಣವೇನೆಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಭಾಗಲಬ್ಧ ಸಂಖ್ಯೆಯೆಂದರೆ ಎರಡು ಪೂರ್ಣಾಂಕಗಳ ಅನುಪಾತವೇ ಹೊರತು ಯಾವುದೋ ಎರಡು ಉದ್ದಗಳ ಅನುಪಾತವಲ್ಲ. ಚೌಕದ ಕರ್ಣವನ್ನು ಬಾಹುವಿನಿಂದ ಭಾಗಿಸಿದರೂ 2ರ ವರ್ಗಮೂಲ ಬರುತ್ತದೆ, ಅದೂ ಅಭಾಗಲಬ್ಧವೇ. ವ್ಯಾಸವು ಯಾವುದೇ ಮಾನದಲ್ಲಿ ಪೂರ್ಣಾಂಕವಾಗಿದ್ದರೆ, ಅದೇ ಮಾನದಲ್ಲಿ ಪರಿಧಿಯು ಪೂರ್ಣಾಂಕವೂ ಆಗದು, ಭಿನ್ನರಾಶಿಯೂ ಆಗದು. ಇದನ್ನು ಗಣಿತಜ್ಞ ಲ್ಯಾಂಬರ್ಟ್ 1761ರಲ್ಲಿ ಸಾಧಿಸಿ ತೋರಿಸಿದರು. ತಾವು ಹೇಳಿದ ಬಿಲ್ಲೆಯ ಪರಿಧಿ ವಾಸ್ತವವಾಗಿ ಸುಮಾರು 21.991 ಸೆಂ.ಮೀ. 22ಕ್ಕೂ ಇದಕ್ಕೂ ಇರುವ ಅಂತರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಾದ್ದರಿಂದ ಅದು ದಾರಕ್ಕೂ ಅಳತೆಪಟ್ಟಿಗೂ ಸಿಕ್ಕುವುದಿಲ್ಲ. ಅಳತೆಯಿಂದ ಪೈಯ ನಿಖರ ಬೆಲೆಯನ್ನು ತೀರ್ಮಾನಿಸುವ ಪ್ರಯತ್ನವೇ ಸಲ್ಲದು.

ಉತ್ತರ 2:
ಎಲ್ಲ ವೃತ್ತಗಳಿಗೂ ಒಂದೇ ಸಂಖ್ಯೆ ಏಕೆ ಎಂಬ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಸ್ವಾರಸ್ಯವಿರುವುದು ಅದರಲ್ಲಿಯೇ. ವೃತ್ತದೊಳಗೆ, ಶೃಂಗಗಳು ಪರಿಧಿಯ ಮೇಲೆ ಬರುವಂತೆ, ಒಂದು ಸಮಬಾಹು ಷಡ್ಭುಜವನ್ನು ರಚಿಸಿ, ಕೇಂದ್ರದಿಂದ ಶೃಂಗಗಳಿಗೆ ರೇಖೆಗಳನ್ನೆಳೆಯಿರಿ. ಆರು ಸಮಬಾಹು ತ್ರಿಭುಜಗಳು ದೊರೆಯುವುದರಿಂದ ಷಡ್ಭುಜದ ಪ್ರತಿ ಬಾಹುವೂ ತ್ರಿಜ್ಯಕ್ಕೆ ಸಮ, ಒಟ್ಟು ಸುತ್ತಳತೆ ವ್ಯಾಸದ ಮೂರು ಪಟ್ಟು. ಹೊರಗೆ ಒಂದು ಚೌಕವನ್ನು ರಚಿಸಿದರೆ ಅದರ ಸುತ್ತಳತೆ ವ್ಯಾಸದ ನಾಲ್ಕು ಪಟ್ಟು. ಪರಿಧಿ ಇವೆರಡರ ನಡುವೆ ಇರಲೇಬೇಕು. ಬಾಹುಗಳನ್ನು 12, 24, 48 ಎಂದು ಇಮ್ಮಡಿಗೊಳಿಸುತ್ತ ಹೋದಂತೆ ಒಳಗಿನ ಮತ್ತು ಹೊರಗಿನ ಬಹುಭುಜಗಳು ವೃತ್ತವನ್ನು ಎರಡೂ ಕಡೆಯಿಂದ ಸಮೀಪಿಸುತ್ತವೆ. ವೃತ್ತವನ್ನು ಹತ್ತು ಪಟ್ಟು ಹಿಗ್ಗಿಸಿದರೆ ಈ ಬಹುಭುಜಗಳ ಪ್ರತಿ ಬಾಹುವೂ, ವ್ಯಾಸವೂ ಹತ್ತು ಪಟ್ಟೇ ಹಿಗ್ಗುವುದರಿಂದ ಅನುಪಾತ ಕದಲುವುದಿಲ್ಲ. ಬಾಹುಗಳು ಎಷ್ಟೇ ಹೆಚ್ಚಿದರೂ ಈ ಮಾತು ನಿಜವಾಗಿರುವುದರಿಂದ ಪರಿಧಿಗೂ ಅದು ಅನ್ವಯಿಸುತ್ತದೆ.

ಆರ್ಕಿಮಿಡೀಸ್ 96 ಬಾಹುಗಳವರೆಗೆ ಹೋಗಿ, ಪೈಯ ಬೆಲೆ 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ ಎಂದು ಸಾಧಿಸಿದನು. ಎಂದರೆ 22/7 ಅಲ್ಲಿ ಪೈಯ ಬೆಲೆಯಾಗಿ ಬಂದದ್ದಲ್ಲ, ಪೈ ದಾಟಲಾರದ ಮೇಲಿನ ಗಡಿಯಾಗಿ ಬಂದದ್ದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಲೆಕ್ಕಗಳಲ್ಲಿ ಯಾವ ಬೆಲೆಯನ್ನು ಬಳಸುವುದು ಸೂಕ್ತ?

ಉತ್ತರ 3:
ಎಷ್ಟು ದೋಷವನ್ನು ಸಹಿಸಬಲ್ಲಿರಿ ಎಂಬುದನ್ನು ಅದು ಅವಲಂಬಿಸುತ್ತದೆ. ಒಂದು ಕಿಲೋಮೀಟರ್ ವ್ಯಾಸದ ವೃತ್ತಕ್ಕೆ 22/7 ಬಳಸಿದರೆ ಪರಿಧಿ ಸುಮಾರು 1.26 ಮೀಟರ್ ಹೆಚ್ಚಾಗಿ ಬರುತ್ತದೆ. ಆರ್ಯಭಟನು 499ರಲ್ಲಿ 20,000 ವ್ಯಾಸಕ್ಕೆ 62,832 ಪರಿಧಿಯೆಂದು, ಇದು ಸಮೀಪದ ಬೆಲೆ ಮಾತ್ರವೆಂಬ ಎಚ್ಚರಿಕೆಯೊಂದಿಗೇ, ಹೇಳಿದ್ದಾನೆ. ಅದರಿಂದ ದೊರೆಯುವ 3.1416 ಅನ್ನು ಬಳಸಿದರೆ ಅದೇ ವೃತ್ತದಲ್ಲಿ ದೋಷ ಸುಮಾರು 7 ಮಿಲಿಮೀಟರಿಗೆ ಇಳಿಯುತ್ತದೆ; 355/113 ಬಳಸಿದರೆ ಒಂದು ಮಿಲಿಮೀಟರೂ ಇಲ್ಲ. ಪಠ್ಯದ ಲೆಕ್ಕಗಳಲ್ಲಿ ವ್ಯಾಸವನ್ನು 7, 14, 21 ಎಂದು ಕೊಡುವುದು ಭಾಗಾಕಾರ ಸುಲಭವಾಗಲೆಂದು. ಅಲ್ಲಿ 22/7 ಬಳಸಲು ಅಡ್ಡಿಯಿಲ್ಲ, ಆದರೆ ಉತ್ತರದ ಮುಂದೆ ‘ಸುಮಾರು’ ಎಂದು ಬರೆಯುವುದನ್ನು ಬಿಡಬೇಡಿ.